ಮಾತು ಮುಗಿಯುವ ತನಕ ಕಾದ ಕಂಪನಿ

"ಆ ರೇಡಿಯೋ ಕಂಪನಿಗೆ ನಾನು ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. ನಾನು ಸತ್ತ ಮೇಲೆ ನನ್ನ ಕೈ ಹಿಡಿದು ಹಾಕಿಸ್ಕೋ!"

ನನ್ನ ಅಕ್ಕ ಟ್ವೈಲಾ ಕೈಯಲ್ಲಿದ್ದ ಸೌಟನ್ನು ಆಲೂಗಡ್ಡೆ ಪಾತ್ರೆಯೊಳಗೆ ಕುಕ್ಕಿದಳು. ಮೇಜಿನ ಮೇಲಿದ್ದ ಲೋಟಗಳೆಲ್ಲ ಅಲುಗಿದವು.

"ಅ... ಅ... ಅದು ನನ್ನ ದು... ದು..." ಅಂದ ಭಾವ ಡೆಲ್ಬರ್ಟ್.

"ದುಡ್ಡು! ಹೇಳು, ದುಡ್ಡು! ಹೌದಪ್ಪ, ನಿನ್ನ ದುಡ್ಡೇ. ಇಷ್ಟು ವರ್ಷ ನಿನ್ನ ನಾರೋ ಅಂಗಿ ಒಗೆದವಳು ನಾನು ಪಕ್ಕದ ಮನೆಯವಳಾ?"

"ಅ... ಅವನು..."

"ಅವನು ಒಳ್ಳೆಯವನು. ಗೊತ್ತು. ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದೀನಿ."

ಚರ್ಚ್ ಮುಗಿಸಿಕೊಂಡು ಬಂದ ಭಾನುವಾರದ ಊಟ. ನಾನು, ನನ್ನ ಗಂಡ ವೆಂಡಲ್, ಅವರಿಬ್ಬರು. ಬೇಯಿಸಿದ ದನದ ಮಾಂಸ, ಹಿಸುಕಿದ ಆಲೂಗಡ್ಡೆ, ಅದರ ಮೇಲೆ ಸುರಿದುಕೊಳ್ಳಲು ಕೋಳಿ ರಸದಲ್ಲಿ ಬೇಯಿಸಿದ ನೂಡಲ್ಸ್. ವೆಂಡಲ್ ಯಾರ ಮುಖವನ್ನೂ ನೋಡದೆ ತಿನ್ನುತ್ತಿದ್ದ. ಜಲ್ಲಿ ಲಾರಿ ಓಡಿಸುವ ಮನುಷ್ಯ, ಊಟದ ಹೊತ್ತಿನಲ್ಲಿ ಮನೆ ಬಿದ್ದರೂ ಏಳುವವನಲ್ಲ.

ಜಗಳದ ಮೂಲ ಇಷ್ಟು. ನಮ್ಮೂರಿನ ಕಾಗದದ ಕಾರ್ಖಾನೆ ಆ ವಸಂತದಲ್ಲಿ ಮುಚ್ಚಿತು. ಓಹಾಯೋದ ಈ ತುದಿಯಲ್ಲಿ ಇದ್ದದ್ದು ಅದೊಂದೇ ಕಾರ್ಖಾನೆ. ಕೊಳೆತ ಕೋಸಿನಂಥ ಅದರ ವಾಸನೆಯಲ್ಲೇ ನಾವೆಲ್ಲ ಹುಟ್ಟಿ ಬೆಳೆದವರು. ವಾಸನೆ ನಿಂತ ದಿನ ಊರೇ ಸತ್ತುಹೋದ ಹಾಗಿತ್ತು. ಕೊನೆಯಲ್ಲಿ ಕೊಂಡ ಮಾಲೀಕರು ಹಳೆಯ ಕೆಲಸಗಾರರಿಗೆ ಒಂದು ಮಾತು ಹೇಳಿದರು: ಪಿಂಚಣಿಯನ್ನು ಇಡಿಗಂಟಾಗಿ ಎತ್ತಿ ನಿಮಗೆ ಬೇಕಾದ ನಿವೃತ್ತಿ ಖಾತೆಗೆ ಹಾಕಿಕೊಳ್ಳಿ, ತಿಂಗಳ ಕೊನೆಯೊಳಗೆ ಹೇಳದಿದ್ದರೆ ನಾವು ಆರಿಸಿದ ವಿಮಾ ಕಂಪನಿಗೆ ಒಪ್ಪಿಸಿಬಿಡುತ್ತೇವೆ, ಅವರು ತಿಂಗಳು ತಿಂಗಳು ಕೊಟ್ಟಷ್ಟು ತೆಗೆದುಕೊಳ್ಳಿ. ಆ ವಿಮಾ ಕಂಪನಿಯ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಇಡಿಗಂಟು ಎತ್ತಬೇಕಾದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು. ಹೆಂಡತಿಯಂತೂ ಬ್ಯಾಂಕಿನ ನೋಟರಿಯ ಎದುರು ಕೂತು, ನನಗೆ ಒಪ್ಪಿಗೆ ಇದೆ ಅಂತ ಬಾಯಿಬಿಟ್ಟು ಹೇಳಿ ಹಾಕಬೇಕು. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗುವುದು ಅಂತ ಇತ್ತು. ಅದೇ ಕೊನೆಯ ದಿನ.

ಇಡಿಗಂಟನ್ನು ಎತ್ತಿ, ಚಿನ್ನ ಕೊಂಡಿಡುವ ನಿವೃತ್ತಿ ಖಾತೆಗೆ ಹಾಕುವುದರ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ಭಾವನಿಗೆ ನೋಟು, ಷೇರು, ಬಾಂಡು ಯಾವುದರ ಮೇಲೂ ನಂಬಿಕೆಯಿಲ್ಲ. "ಜೀ... ಜೀವನಪೂರ್ತಿ ಕಾಗದ ಮಾ... ಮಾಡಿದವನು ನಾನು. ಕಾಗದದ ಹ... ಹಣೆಬರಹ ನನಗೆ ಗೊತ್ತು" ಅನ್ನುತ್ತಿದ್ದ. ಅವನ ಅಜ್ಜಿಯ ಕಾಲದಲ್ಲಿ ಸರ್ಕಾರ ಜನರ ಚಿನ್ನವನ್ನೆಲ್ಲ ಒಪ್ಪಿಸಿ ಅಂದಾಗ, ಆಕೆ ನಾಣ್ಯಗಳನ್ನು ಹಂದಿಕೊಬ್ಬಿನ ಡಬ್ಬಿಯಲ್ಲಿ ಅದುಮಿ ಕೋಳಿಗೂಡಿನ ಕೆಳಗೆ ಹೂತಿದ್ದಳಂತೆ. ಈ ಕಥೆಯನ್ನು ಅವರ ಮನೆಯವರು ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಾರೆ.

ತಕರಾರು ಇದ್ದದ್ದು ಯಾರ ಹತ್ತಿರ ಖಾತೆ ತೆರೆಯುವುದು ಅನ್ನುವುದಕ್ಕೆ. ಟ್ವೈಲಾ ಶಾಲೆಯ ಅಡುಗೆಮನೆಯಲ್ಲಿ ಸಾಮಾನು ತರಿಸುವ ಕೆಲಸ ಮಾಡಿದವಳು. ಕ್ಯಾರೆಟ್ ಮಾರುವವನನ್ನು ಕೇಳುವ ಹಾಗೆಯೇ ಚಿನ್ನ ಮಾರುವವರನ್ನೂ ಕೇಳಿದಳು: ಇವತ್ತು ಎಷ್ಟಕ್ಕೆ ಕೊಡ್ತೀರಿ, ಇವತ್ತೇ ವಾಪಸ್ ತಂದರೆ ಎಷ್ಟಕ್ಕೆ ತಗೋತೀರಿ? ನೆಬ್ರಾಸ್ಕಾದ ಒಂದು ಕಂಪನಿಯ ಹೆಂಗಸು ಎರಡು ಬೆಲೆಯನ್ನೂ ಒಂದೇ ಉಸಿರಿಗೆ ಹೇಳಿ, ಚಿನ್ನವನ್ನು ಉಗ್ರಾಣದಲ್ಲಿ ಕಾದಿಡಲು ವರ್ಷಕ್ಕೆ ಬಾಡಿಗೆ ಇಷ್ಟು ಅಂದು, ಇನ್ನೇನಾದರೂ ಇದೆಯಾ ಅಂತ ಕೇಳಿ ಫೋನ್ ಇಟ್ಟಳಂತೆ. ಟ್ವೈಲಾಗೆ ಅಷ್ಟು ಸಾಕಾಯಿತು.

ಭಾವ ಆರಿಸಿದ್ದು ರೇಡಿಯೋ ಕಂಪನಿಯನ್ನು. ಬೆಳಿಗ್ಗೆ ಪಾದ್ರಿಯ ಉಪದೇಶ ಮುಗಿದ ಕೂಡಲೇ ಅವರ ಜಾಹೀರಾತು ಬರುತ್ತದೆ. ಮಾಮೂಲಿ ಚಿನ್ನದ ತುಂಡನ್ನು ಸರ್ಕಾರ ಮತ್ತೆ ಕಿತ್ತುಕೊಳ್ಳಬಹುದು, ನಮ್ಮ ಕಂಪನಿಗೆಂದೇ ಅಚ್ಚು ಹಾಕಿಸಿದ ವಿಶೇಷ ನಾಣ್ಯವನ್ನು ಮುಟ್ಟುವ ಹಾಗಿಲ್ಲ ಅನ್ನುವುದು ಅವರ ರಾಗ. ಅಜ್ಜಿಯ ಕೋಳಿಗೂಡಿನ ಕಥೆ ಕೇಳಿ ಬೆಳೆದವನಿಗೆ ಇದಕ್ಕಿಂತ ಬೇಕೇ? ಖಾತೆ ತೆರೆಯುವ ಮೊದಲೇ ಅವರು ಒಂದು ತಿಜೋರಿಯನ್ನು ಪುಕ್ಕಟೆಯಾಗಿ ಕಳಿಸಿದ್ದರು. ನಿವೃತ್ತಿ ಖಾತೆಯ ಚಿನ್ನವನ್ನು ಮನೆಗೆ ತರುವ ಹಾಗೇ ಇಲ್ಲ, ಅದು ಬೇರೆ ರಾಜ್ಯದ ಉಗ್ರಾಣದಲ್ಲಿ ಇರಬೇಕು, ತಂದರೆ ತೆರಿಗೆಯವರು ಚರ್ಮ ಸುಲಿಯುತ್ತಾರೆ. ಆದರೂ ತಿಜೋರಿ! ಭಾವ ಅದನ್ನು ಕೋಟು ನೇತುಹಾಕುವ ಗೂಡಿನಲ್ಲಿ ಬೋಲ್ಟು ಹಾಕಿ ಕೂರಿಸಿದ. ಟ್ವೈಲಾ ಮಾರನೇ ದಿನವೇ ಅದರೊಳಗೆ ಈರುಳ್ಳಿ ತುಂಬಿದಳು.

"ತಿಜೋರಿಯಿಂದ ಎರಡು ಈರುಳ್ಳಿ ತಾ, ಡೆಲ್" ಅನ್ನುವಳು, ಯಾರಾದರೂ ಮನೆಗೆ ಬಂದಾಗ ಬೇಕೆಂದೇ. ಅವನು ಎದ್ದುಹೋಗಿ ತರುವನು. ನಾವು ನಗುತ್ತಿದ್ದೆವು.

ಆದರೆ ಭಾವ ರೇಡಿಯೋ ಕಂಪನಿಯನ್ನು ಹಿಡಿದದ್ದು ನಾಣ್ಯಕ್ಕಲ್ಲ, ತಿಜೋರಿಗೂ ಅಲ್ಲ. ಅವನು ಗ್ಯಾರೇಜಿನಲ್ಲಿ ಕೂತು, ಟ್ವೈಲಾಗೆ ಕೇಳಿಸದ ಹಾಗೆ, ಮೂರು ಕಂಪನಿಗಳಿಗೆ ಫೋನ್ ಮಾಡಿದ್ದ. ಮೊದಲನೆಯದು ಅದೇ ನೆಬ್ರಾಸ್ಕಾದ್ದು. ಇವನು ತನ್ನ ಹೆಸರಿನ ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುವಾಗ ಆ ಹೆಂಗಸು "ಹಲೋ, ಹಲೋ, ಲೈನ್ ಸರಿಯಿಲ್ಲ" ಅಂತ ಫೋನ್ ಇಟ್ಟಳು. ಎರಡನೆಯವನು ಇವನ ಪ್ರತಿ ಮಾತನ್ನೂ ತಾನೇ ಮುಗಿಸಿ, ತಪ್ಪು ಮುಗಿಸಿ, ಬೇಡದ ಬೆಳ್ಳಿಯನ್ನು ತಲೆಗೆ ಕಟ್ಟಲು ನೋಡಿದ. ಮೂರನೆಯವನು ರೇಡಿಯೋ ಕಂಪನಿಯ ಬ್ರಾಡಿ. ಅವನು ಕಾದ. ಇವನು ಹೆಸರು ಹೇಳಿ ಮುಗಿಸುವ ತನಕ, ಊರು ಹೇಳಿ ಮುಗಿಸುವ ತನಕ ಒಂದು ಶಬ್ದ ಆಡದೆ ಕಾದು, ಆಮೇಲೆ "ನಿಧಾನ ಸರ್, ನನಗೇನೂ ಅವಸರ ಇಲ್ಲ. ನನ್ನ ತಮ್ಮನೂ ಹೀಗೇ ಮಾತಾಡೋದು" ಅಂದನಂತೆ.

ಇದನ್ನು ಭಾವ ನಮಗೆ ಹೇಳಿ ಮುಗಿಸುವ ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಉಗ್ಗುವವರ ಜೊತೆ ತಾಳ್ಮೆ ಯಾರಿಗೂ ಇರುವುದಿಲ್ಲ. ಇದೆ ಅನ್ನುವವರು ಸುಳ್ಳು ಹೇಳುತ್ತಾರೆ.

ಕಾರ್ಖಾನೆಯಲ್ಲಿ ಅವನಿಗೆ ಈ ತೊಂದರೆ ಇರಲಿಲ್ಲ. ಯಂತ್ರದ ಮನೆಯಲ್ಲಿ ಕಿವಿಗೆ ಬಿರಡೆ ಹಾಕಿಕೊಂಡೇ ಇರಬೇಕು, ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ನಾನೂ ಮದುವೆಗೆ ಮುಂಚೆ ಅಲ್ಲಿ ಕೆಲಸ ಮಾಡಿದವಳು, ನೋಡಿದ್ದೇನೆ. ಉದ್ದ ನೆಲದ ಆ ತುದಿಯಲ್ಲಿ ನಿಂತು ಡೆಲ್ಬರ್ಟ್ ಒಂದು ಸನ್ನೆ ಮಾಡಿದರೆ ಈ ತುದಿಯವರೆಲ್ಲ ನಗುತ್ತಿದ್ದರು. ಹೊಸ ಹುಡುಗರಿಗೆ ಸನ್ನೆ ಕಲಿಸುತ್ತಿದ್ದವನೂ ಅವನೇ. ಹಾಳೆ ನಡುವೆ ಹರಿದರೆ ಎರಡು ಮುಷ್ಟಿಯನ್ನು ಎದೆಯ ಮುಂದೆ ಜೋಡಿಸಿ ಎರಡು ಕಡೆಗೆ ಎಳೆಯುವುದು: ಹರಿಯಿತು, ನಿಲ್ಲಿಸಿ. ಟ್ವೈಲಾ ಅವನನ್ನು ಮೆಚ್ಚಿದ್ದು ಅಲ್ಲೇ, ಆ ಸದ್ದಿನ ನಡುವೆ, ಅವಳೂ ಅಲ್ಲಿ ಕೆಲಸಕ್ಕಿದ್ದಾಗ. ಅವನ ಬಾಯಿಂದ ಬಂದ ಮೊದಲ ಮಾತು ಕೇಳುವ ಹೊತ್ತಿಗೆ ಉಂಗುರ ಬೆರಳಿಗೆ ಬಂದಾಗಿತ್ತು ಅಂತ ಅವಳು ತಮಾಷೆ ಮಾಡುತ್ತಿದ್ದಳು. ಈಗ ಕಾರ್ಖಾನೆ ಇಲ್ಲ. ಎಲ್ಲದಕ್ಕೂ ಬಾಯಿಬಿಡಬೇಕು.

"ಅವನು ಕಾದ ಅಂತ ನಮ್ಮ ಮುದಿ ವಯಸ್ಸಿನ ಅನ್ನ ಅವನ ತಟ್ಟೆಗೆ ಹಾಕ್ತೀಯಾ?" ಅಂದಳು ಟ್ವೈಲಾ. "ನನ್ನ ಮಂಡಿ ನೋಡು. ಇನ್ನೆರಡು ವರ್ಷಕ್ಕೆ ನಡೆಯೋಕಾಗಲ್ಲ ನನಗೆ. ಆಗ ಬ್ರಾಡಿ ಬಂದು ಎತ್ಕೊಂಡು ಹೋಗ್ತಾನಾ?"

"ನಿ... ನಿನ್ನ ನೆ... ನೆಬ್ರಾಸ್ಕಾದವಳು ಫೋನ್ ಇ... ಇ..."

"ಇಟ್ಟಳು. ಇಡದೆ ಇನ್ನೇನು ಮಾಡ್ತಾಳೆ? ಅವಳಿಗೆ ಕೆಲಸ ಇತ್ತು!"

ವೆಂಡಲ್ ಬಾಯಲ್ಲಿ ನೂಡಲ್ಸ್ ಇಟ್ಟುಕೊಂಡೇ ನಕ್ಕ.

"ನೀನು ನಗು" ಅಂದೆ ನಾನು. "ನಿನ್ನ ಪಿಂಚಣಿ ಲಾರಿಯ ಹಿಂದಿನ ಚಕ್ರದಲ್ಲಿದೆ. ಭಾವ, ನಾನೊಂದು ಮಾತು ಹೇಳ್ತೀನಿ. ಕಾಯೋದೇ ಅವನ ಕಸುಬು. ಹಂದಿ ಕೊಬ್ಬೋ ತನಕ ಕಟುಕನೂ ಕಾಯ್ತಾನೆ."

ಭಾವನ ಮುಖ ಕೆಂಪಾಯಿತು. ಅವನು ಕಷ್ಟಪಟ್ಟು, ಒಂದೊಂದೇ ಪದ ಹೊರಗೆ ಎಳೆದು, ಹೇಳಿದ್ದು ಇಷ್ಟು: ನಿಮ್ಮಲ್ಲಿ ಯಾರೂ ಒಂದು ಸಲವೂ ಕಾದಿಲ್ಲ. ಅವನು ಕಾದ. ಅವನಿಗೇ ಕೊಡುತ್ತೇನೆ.

ಟ್ವೈಲಾ ಕೈ ಒರೆಸಿಕೊಂಡು ಕೂತಳು. ಕಿರುಚುವುದು ನಿಲ್ಲಿಸಿದಳು. ನನ್ನ ಅಕ್ಕ ಕಿರುಚುವುದು ನಿಲ್ಲಿಸಿದಾಗ ನನಗೆ ಭಯವಾಗುತ್ತದೆ.

"ಸರಿ" ಅಂದಳು. "ಪಂದ್ಯ ಕಟ್ಟು. ನಿನ್ನ ಬ್ರಾಡಿಗೆ ಈಗಲೇ ಫೋನ್ ಮಾಡ್ತೀನಿ. ನಾನು ಯಾರು ಅಂತ ಹೇಳಲ್ಲ. ಒಂದೇ ಒಂದು ಪ್ರಶ್ನೆ ಕೇಳ್ತೀನಿ: ಇವತ್ತು ಕೊಂಡ ನಾಣ್ಯ ನಾಳೆ ನಿಮಗೇ ವಾಪಸ್ ಮಾರಿದ್ರೆ ಎಷ್ಟು ಕೊಡ್ತೀರಿ. ಅವನು ಎಷ್ಟಾದ್ರೂ ಹೇಳಲಿ, ಒಂದು ಬೆಲೆ ಹೇಳಿದ ಅಂದ್ರೆ ನಾಳೆ ಲಿಪ್‌ಸ್ಟಿಕ್ ಹಚ್ಕೊಂಡು ಬ್ಯಾಂಕಿಗೆ ಬಂದು ಅವನ ಹೆಸರಿಗೇ ಸಹಿ ಹಾಕ್ತೀನಿ. ಹೇಳಲಿಲ್ಲ ಅಂದ್ರೆ ನೀನು ನೆಬ್ರಾಸ್ಕಾಗೆ ಸಹಿ ಹಾಕ್ತೀಯ, ಆಮೇಲೆ ಸಾಯೋ ತನಕ ಅದರ ಮಾತೆತ್ತಲ್ಲ."

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾ... ಮಾಡು" ಅಂದ. ಬೆನ್ನು ನೆಟ್ಟಗೆ ಮಾಡಿ ಕೂತ. ಗೆದ್ದೇಬಿಟ್ಟವನ ಹಾಗೆ ಪ್ಲೇಟಿಗೆ ಇನ್ನೊಂದಿಷ್ಟು ಮಾಂಸ ಬಡಿಸಿಕೊಂಡ.

"ಭಾನುವಾರ ಎತ್ತುತ್ತಾನಾ ಅವನು?" ಅಂದ ವೆಂಡಲ್.

"ದೇವರು ವಿಶ್ರಾಂತಿ ತಗೊಂಡ, ಅವನು ತಗೊಳ್ಳಲ್ಲ. ಕೊಡು ನಿನ್ನ ಫೋನು. ನಮ್ಮ ನಂಬರು ಅವನಿಗೆ ಗೊತ್ತು."

ತಿಜೋರಿಯ ಬಾಗಿಲಿಗೆ ಅಂಟಿಸಿದ್ದ ನಂಬರನ್ನು ನಾನು ಓದಿ ಹೇಳಿದೆ. ಅವಳು ಒತ್ತಿದಳು. ಫೋನನ್ನು ಬೆಣ್ಣೆ ತಟ್ಟೆಯ ಪಕ್ಕ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದಳು.

"ಬ್ರಾಡಿ ಮಾತಾಡ್ತಿರೋದು. ದೇವರ ದಯೆಯ ದಿನ ನಿಮ್ಮದಾಗಲಿ. ಯಾರು ಮಾತಾಡ್ತಿರೋದು?"

ಚೆನ್ನಾಗಿತ್ತು ದನಿ. ಬೆಚ್ಚಗಿತ್ತು. ಅಂಥ ದನಿಯವರು ನನ್ನ ಜೀವನದಲ್ಲಿ ಯಾರೂ ಬಂದಿರಲಿಲ್ಲ.

ಟ್ವೈಲಾ ಗಂಡನ ಕಣ್ಣಿಗೆ ಕಣ್ಣಿಟ್ಟು ಬಾಯಿ ತೆರೆದಳು.

"ನಾ... ನಾ... ನಾನು ಮಿ... ಮಿಸೆಸ್ ಪ್ರೂ... ಪ್ರೂ..."

ಭಾವನ ಕೈಯಲ್ಲಿದ್ದ ಫೋರ್ಕು ನಿಂತಿತು.

ಅಣಕ ಅಂದರೆ ಎಲ್ಲರೂ ಮಾಡುವ ಅಣಕ ಅಲ್ಲ ಅದು. ಅಕ್ಷರದ ಮುಂದೆ ಗದ್ದ ಸ್ವಲ್ಪ ಮೇಲೇಳುವುದು, ಎಡಗಣ್ಣು ಅರ್ಧ ಮುಚ್ಚುವುದು, ಮಾತು ಹೊರಬಿದ್ದ ಕೂಡಲೇ ಬರುವ ಆ ಸಣ್ಣ ಉಸಿರು, ಎಲ್ಲ ಇತ್ತು. ಮೂವತ್ತು ವರ್ಷ ಎದುರಿಗೆ ಕೂತು ಉಂಡವಳಿಗೆ ಮಾತ್ರ ಬರುವಂಥದ್ದು. ಇದನ್ನು ಅವಳು ಅವತ್ತೇ ಮೊದಲ ಸಲ ಮಾಡಿದ್ದಲ್ಲ ಅಂತ ನೋಡಿದವರಿಗೆ ಯಾರಿಗಾದರೂ ಗೊತ್ತಾಗುತ್ತಿತ್ತು. ಭಾವನಿಗೂ ಗೊತ್ತಾಯಿತು.

"ಪ್ರೂ... ಪ್ರೂಯಿಟ್."

ಅದು ಅವಳು ಕಟ್ಟಿದ ಹೆಸರು. ಹೇಳಿ ಮುಗಿಸುವ ತನಕ ಬ್ರಾಡಿ ಉಸಿರೆತ್ತಿರಲಿಲ್ಲ. ಫ್ರಿಜ್ಜಿನ ಗುಂಯ್ ಸದ್ದು ಕೇಳುವಷ್ಟು ಕಾದಿದ್ದ.

"ಮಿಸೆಸ್ ಪ್ರೂಯಿಟ್, ನಿಮ್ಮ ಪರಿಚಯ ಆಗಿದ್ದು ಸಂತೋಷ. ನಿಧಾನವಾಗಿ ಮಾತಾಡಿ. ನನಗೇನೂ ಅವಸರ ಇಲ್ಲ. ನಮ್ಮಮ್ಮನೂ ಹೀಗೇ ಮಾತಾಡೋರು, ಪಾಪ."

ವೆಂಡಲ್ ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ಅದುಮಿದ. "ತಮ್ಮ, ಅಮ್ಮ..." ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ನಾಯಿನೂ ಉಗ್ಗುತ್ತೇನೋ ಇವರ ಮನೇಲಿ!" ನನಗೆ ನಗು ಒತ್ತರಿಸಿಕೊಂಡು ಬಂತು. ನಾನು ಮೇಜಿನ ಅಂಚು ಹಿಡಿದುಕೊಂಡೆ.

ಭಾವ ಎದ್ದು ಫೋನ್ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಅವನಿಗೆ ಪಂದ್ಯ ಗೆಲ್ಲಬೇಕಿತ್ತು. ತನ್ನ ಉಗ್ಗನ್ನು ಹೆಂಡತಿಯ ಬಾಯಲ್ಲಿ ಕೇಳಿಕೊಂಡು, ತುಟಿ ಬಿಗಿಹಿಡಿದು, ಆ ಫೋನನ್ನೇ ನೋಡುತ್ತಾ ಕೂತ.

ಟ್ವೈಲಾ ಬೇಕೆಂದೇ ಎಳೆದಳು. ಗಂಡ ಸತ್ತಿದ್ದಾನೆ ಅಂದಳು. "ಸ... ಸ... ಸತ್ತ" ಅನ್ನುವುದಕ್ಕೆ ಅಷ್ಟು ಹೊತ್ತು ತೆಗೆದುಕೊಂಡಳು, ಎದುರಿಗೆ ಕೂತ ಗಂಡನನ್ನು ನೋಡುತ್ತಲೇ. ಬ್ರಾಡಿ ಕಾದ. ಪಿಂಚಣಿ ಬಂದಿದೆ ಅಂದಳು. ಕಾದ. ಚಿನ್ನದ ಖಾತೆ ಇದೇ ಮೊದಲು, ಏನೂ ತಿಳಿಯದು ಅಂದಳು. ಕಾದ. ಪ್ರತಿ ಸಲ ಅವನು ಕಾದಾಗಲೂ ಭಾವನ ಮುಖದಲ್ಲಿ ನೋವಿನ ಜೊತೆಗೇ ಒಂದು ಹೆಮ್ಮೆ ಬರುತ್ತಿತ್ತು. ನೋಡಿದಿರಾ, ನೋಡಿದಿರಾ ಅನ್ನುವ ಹಾಗೆ ನಮ್ಮ ಕಡೆ ತಿರುಗುತ್ತಿದ್ದ.

ಆಮೇಲೆ ಅವಳು ಕೇಳಿದಳು.

"ಇ... ಇವತ್ತು ಕೊಂಡ ನಾ... ನಾಣ್ಯ, ನಾ... ನಾಳೆ ನಿಮಗೇ ವಾ... ವಾ..."

"ವಾಪಸ್ ಕೊಡೋ ಯೋಚನೆ ಯಾಕೆ ಮೇಡಂ ಈಗ್ಲೇ!" ಅಂದ ಬ್ರಾಡಿ.

ಭಾವ ಫೋರ್ಕನ್ನು ಕೆಳಗಿಟ್ಟ.

"ಅ... ಅಲ್ಲ, ಮಾ... ಮಾರಿದ್ರೆ ನೀ... ನೀವು ಎ... ಎ..."

"ಎಷ್ಟು ಬೇಕಾದ್ರೂ ಏರುತ್ತೆ ಮೇಡಂ, ಅದರ ಚಿಂತೆ ನಿಮಗೆ ಬೇಡ. ಇದು ಮೊಮ್ಮಕ್ಕಳಿಗೆ ಉಳಿಸೋ ವಸ್ತು, ತರಕಾರಿ ಅಲ್ಲ ನಾಳೆ ಮಾರೋಕೆ. ಈ ವಾರ ತೆರೆದ್ರೆ ಒಂದು ಒಳ್ಳೆ ತಿಜೋರಿ ಪುಕ್ಕಟೆ ಕಳಿಸ್ತೀನಿ. ನಿಮ್ಮ ವಿಳಾಸ ಹೇಳ್ತೀರಾ?"

"ಎ... ಎಷ್ಟು ಕೊ... ಕೊ..."

"ಕೊಡೋದು ಬಿಡೋದು ಎಲ್ಲ ಆಮೇಲಿನ ಮಾತು ಮೇಡಂ. ವಿಳಾಸ?"

ಅಷ್ಟು ಹೊತ್ತು ಕಾದವನು ಅದೊಂದು ಪ್ರಶ್ನೆಗೆ ಒಂದು ಅಕ್ಷರವೂ ಕಾಯಲಿಲ್ಲ.

ಟ್ವೈಲಾ ಫೋನ್ ಎತ್ತಿಕೊಂಡು, ತನ್ನ ಸ್ವಂತ ದನಿಯಲ್ಲಿ, ಒಂದು ಕಡೆಯೂ ತಡವರಿಸದೆ, "ನನ್ನ ವಿಳಾಸ ನಿನ್ನ ಹತ್ರ ಇದೆ ಕಣೋ ಕಳ್ಳ. ನಿನ್ನ ತಿಜೋರಿಯಲ್ಲಿ ಈರುಳ್ಳಿ ಕೊಳೀತಿದೆ" ಅಂದು ಇಟ್ಟಳು.

ವೆಂಡಲ್ ಮೇಜು ಗುದ್ದಿ ನಕ್ಕ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಟ್ವೈಲಾ ಗೆದ್ದವಳ ಮುಖದಲ್ಲಿ ಗಂಡನ ಕಡೆ ಬಾಗಿದಳು.

"ಏನಂದ? ಹೇಳು ಡೆಲ್, ಏನು ಬೆಲೆ ಹೇಳಿದ ನಿನ್ನ ದೋಸ್ತ? ನಿ... ನಿ... ನಿನಗೆ ಕೇ... ಕೇಳಿಸ್ತಾ?"

ಗೆದ್ದ ಮೇಲೆ ಅದು ಬೇಕಿರಲಿಲ್ಲ. ಆದರೆ ನಾಲಿಗೆಗೆ ರುಚಿ ಹತ್ತಿತ್ತು.

ಭಾವ ಎದ್ದು ನಿಂತ. ಕರವಸ್ತ್ರ ಮಡಚಿ ಪ್ಲೇಟಿನ ಪಕ್ಕ ಇಟ್ಟ. ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದ. ಅವನು ಬ್ರಾಡಿಯ ಪರ ವಾದಿಸಲಿಲ್ಲ. ಅವನು ಪೆದ್ದನಲ್ಲ, ನಮ್ಮ ಹಾಗೆ ಅವನಿಗೂ ಕಿವಿ ಇತ್ತು.

"ನೀ..." ಅಂದ. "ನೀ... ನೀ..."

ನಾವು ಕಾದೆವು. ಮೊದಲ ಸಲ ಮೂವರೂ ಬಾಯಿ ಮುಚ್ಚಿಕೊಂಡು ಕಾದೆವು. ಏನು ಹೇಳುತ್ತಾನೋ ನೋಡೋಣ ಅಂತ, ಬೀದಿಯಲ್ಲಿ ಬಿದ್ದವನು ಏಳುತ್ತಾನಾ ಅಂತ ನಿಂತು ನೋಡುವವರ ಹಾಗೆ. ಅವನ ಗದ್ದ ಮೇಲೆ ಎದ್ದಿತು, ಎಡಗಣ್ಣು ಅರ್ಧ ಮುಚ್ಚಿತು. ಹಾಗೆ ಆಗಿದ್ದು ಅವನಿಗೇ ಗೊತ್ತಾಯಿತು. ಟ್ವೈಲಾಳ ಮುಖದಲ್ಲಿ ಈಗಷ್ಟೇ ನೋಡಿದ್ದನಲ್ಲ. ಬಾಯಿ ಮುಚ್ಚಿದ.

ಆಮೇಲೆ ಎರಡು ಮುಷ್ಟಿಯನ್ನು ಎದೆಯ ಮುಂದೆ ತಂದು ಜೋಡಿಸಿದ. ಅವಳನ್ನೇ ನೋಡುತ್ತಾ ಎರಡು ಕಡೆಗೆ ಎಳೆದ.

ಟ್ವೈಲಾಳ ನಗು ನಿಂತಿತು. ಆ ಸನ್ನೆ ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅವನು ಗೂಡಿನಿಂದ ಕೋಟು ತೆಗೆದುಕೊಂಡ. ತಿಜೋರಿಯ ಬಾಗಿಲು ತೆರೆದೇ ಇತ್ತು, ಅದನ್ನು ಮೊಣಕಾಲಿನಿಂದ ಮುಚ್ಚಿದ. ಹಿತ್ತಲ ಬಾಗಿಲು ಬಡಿಯಿತು. ಪಿಕಪ್ ಗಾಡಿ ಒಂದು ಸಲ ಕೆಮ್ಮಿ ಶುರುವಾಯಿತು.

"ಹೋಗಲಿ ಬಿಡು" ಅಂದಳು ಟ್ವೈಲಾ. "ಸಿಹಿ ತಿನ್ನೋ ಹೊತ್ತಿಗೆ ಬರ್ತಾನೆ. ಹಿಂದಿನಿಂದಲೂ ಹೀಗೇ." ಸಕ್ಕರೆ ಕೆನೆಯ ಪೈ ತಂದು ನಾಲ್ಕು ತುಂಡು ಮಾಡಿದಳು. ಒಂದರ ಮೇಲೆ ತಟ್ಟೆ ಮುಚ್ಚಿಟ್ಟಳು.

ಸೋಮವಾರ ಬೆಳಿಗ್ಗೆಯೂ ಆ ತುಂಡು ಮುಚ್ಚಿಟ್ಟ ಹಾಗೇ ಇತ್ತು. ಅವಳು ಲಿಪ್‌ಸ್ಟಿಕ್ ಹಚ್ಚಿಕೊಂಡೇ ಬ್ಯಾಂಕಿಗೆ ಹೋದಳು. ಜೊತೆಗೆ ನಾನು. ನೋಟರಿ ಹೆಂಗಸು ಮೂರು ಕುರ್ಚಿ ಹಾಕಿಸಿದ್ದಳು. ನೆಬ್ರಾಸ್ಕಾ ಕಂಪನಿಯ ಕಾಗದಗಳು ಮೇಜಿನ ಮೇಲೆ ಇದ್ದವು. ಗಂಡನ ಸಹಿಯ ಜಾಗ ಖಾಲಿ ಇತ್ತು. ಬಾಗಿಲು ತೆರೆದಾಗಲೆಲ್ಲ ಟ್ವೈಲಾ ತಿರುಗಿ ನೋಡಿದಳು. ಮಧ್ಯಾಹ್ನ ಊಟಕ್ಕೆ ಬ್ಯಾಂಕು ಮುಚ್ಚುವ ಹೊತ್ತಾದಾಗ ಆ ಹೆಂಗಸು "ಇನ್ನೂ ಕಾಯ್ತೀರಾ?" ಅಂತ ಕೇಳಿದಳು.

"ಕಾಯ್ತೀನಿ" ಅಂದಳು ನನ್ನ ಅಕ್ಕ.

ಅವನು ಬರಲಿಲ್ಲ.